ಹೊಸ ಬೆಲ್ಲದ ಘಟಕಕ್ಕೆ ತಾಂತ್ರಿಕ ವಿನ್ಯಾಸ ಕಡತ

ಕಬ್ಬು ಬೆಳೆಯುವ ಪ್ರದೇಶಗಳಲ್ಲಿ ರೈತರು ಗುಂಪುಗೂಡಿ ಸುಧಾರಿತ ಆಲೆಮನೆಗಳನ್ನು ಸ್ಥಾಪಿಸಲು ಮುಂದೆ ಬರುತ್ತಿರುವುದು ಸಂತೋಷದ ಸಂಗತಿ. 2020ರಲ್ಲಿ ಕಿರು ಆಹಾರ ಸಂಸ್ಕರಣಾ ಉದ್ಯಮಗಳ ಯೋಜನೆ ಹಾಗೂ ಕೃಷಿ ಮೂಲಸೌಕರ್ಯ ನಿಧಿ ಜಾರಿಗೆ ಬಂದ ಮೇಲೆ ಈ ಉತ್ಸಾಹ ಇನ್ನಷ್ಟು ಹೆಚ್ಚಿತು. ಆದರೆ ಹೆಚ್ಚಿನ ಗುಂಪುಗಳ ಕೈಯಲ್ಲಿರುವ ಕಾಗದ ಒಂದೇ. ಅದು ಬ್ಯಾಂಕಿಗೆ ಕೊಡುವ ಯೋಜನಾ ವರದಿ. ಸಾಲ ಎಷ್ಟು, ಕಂತು ಎಷ್ಟು, ಲಾಭ ಎಷ್ಟು ಎಂಬುದನ್ನು ಅದು ಹೇಳುತ್ತದೆ. ಗಾಣ ಎಷ್ಟು ದೊಡ್ಡದಿರಬೇಕು, ಅದಕ್ಕೆ ತಕ್ಕ ಕೊಪ್ಪರಿಗೆ ಎಷ್ಟು, ಉರುವಲು ಸಾಲುತ್ತದೆಯೇ ಎಂಬುದನ್ನು ಅದು ಹೇಳುವುದಿಲ್ಲ. ಇದನ್ನು ಹೇಳುವುದು ತಾಂತ್ರಿಕ ವಿನ್ಯಾಸ ಕಡತ. ಇದನ್ನು ತಯಾರಿಸುವ ಕ್ರಮವನ್ನು ಇಲ್ಲಿ ತಿಳಿಸಲಾಗಿದೆ.

ಕಡತ ಏಕೆ ಬೇಕು?

ಕೆಲವು ವರ್ಷಗಳ ಹಿಂದೆ ರೈತರ ಗುಂಪೊಂದು ಕಟ್ಟಿಸಿದ ಹೊಸ ಆಲೆಮನೆಯನ್ನು ನೋಡಲು ಹೋಗಿದ್ದೆ. ಗಾಣ ಗಂಟೆಗೆ ಒಂದು ಟನ್ನಿಗೂ ಮೀರಿ ಕಬ್ಬು ಅರೆಯುತ್ತಿತ್ತು. ಅದನ್ನು ನೋಡಿ ಎಲ್ಲರಿಗೂ ಹೆಮ್ಮೆ. ಆದರೆ ಒಲೆ ಒಂದು, ಕೊಪ್ಪರಿಗೆ ಒಂದು. ಬೆಳಿಗ್ಗೆ ಹಿಂಡಿದ ಕಬ್ಬಿನ ಹಾಲು ರಾತ್ರಿಯವರೆಗೂ ತೊಟ್ಟಿಯಲ್ಲಿ ಕಾದು ಹುಳಿಯಾಗುತ್ತಿತ್ತು. ಸಂಜೆಯ ಮೇಲೆ ಇಳಿಸಿದ ಪಾಕ ಅಚ್ಚಿನಲ್ಲಿ ಗಟ್ಟಿಯಾಗದೆ ಮೆತ್ತಗೇ ಉಳಿಯುತ್ತಿತ್ತು. ಸಾಲದ್ದಕ್ಕೆ ಉರುವಲೂ ಕಡಿಮೆ ಬಿದ್ದು ಸೌದೆ ಕೊಳ್ಳಬೇಕಾಯಿತು. ಯಂತ್ರ ಕೊಟ್ಟವರನ್ನು ಕೇಳಿದರೆ, "ನಮ್ಮ ಗಾಣ ಚೆನ್ನಾಗಿ ನಡೆಯುತ್ತಿದೆಯಲ್ಲ" ಎಂಬ ಉತ್ತರ. ಒಲೆ ಕಟ್ಟಿದವರದೂ ಅದೇ ಮಾತು. ಇಬ್ಬರು ಹೇಳಿದ್ದೂ ನಿಜವೇ. ಗಾಣ, ಒಲೆ ಎರಡನ್ನೂ ಒಂದೇ ಹಾಳೆಯ ಮೇಲೆ ಇಟ್ಟು ಲೆಕ್ಕ ಹಾಕಿದವರು ಯಾರೂ ಇರಲಿಲ್ಲ. ಯಾರ ಜವಾಬ್ದಾರಿ ಏನೆಂದು ಬರೆದ ಕಾಗದವೂ ಇರಲಿಲ್ಲ.

ಈ ತಪ್ಪನ್ನು ಹಾಳೆಯ ಮೇಲೆ ತಿದ್ದಲು ಒಂದು ಅಳಿಸುವ ರಬ್ಬರು ಸಾಕು. ಕಟ್ಟಿದ ಮೇಲೆ ತಿದ್ದಲು ಇನ್ನೊಂದು ಸಾಲ ಬೇಕು.

ಮೊದಲನೆಯ ಹಾಳೆ: ಮೂಲಾಧಾರ

ಕಡತದ ಮೊದಲ ಹಾಳೆಯಲ್ಲಿ ಘಟಕದ ಮೂಲಾಧಾರವನ್ನು ಬರೆಯಬೇಕು. ಯಾವ ಕಚ್ಚಾ ವಸ್ತು, ದಿನಕ್ಕೆ ಎಷ್ಟು, ವರ್ಷಕ್ಕೆ ಎಷ್ಟು ದಿನ, ಯಾವ ಬಗೆಯ ಸರಕು ತಯಾರಾಗಬೇಕು ಎಂಬ ಸಂಗತಿಗಳು ಇದರಲ್ಲಿ ಬರತಕ್ಕದ್ದು. ಉಳಿದೆಲ್ಲ ಹಾಳೆಗಳ ಲೆಕ್ಕ ಇದರ ಮೇಲೆ ನಿಂತಿರುವುದರಿಂದ, ಗುಂಪಿನ ಸಭೆಯಲ್ಲಿ ಇದನ್ನು ಓದಿ ಎಲ್ಲರೂ ಸಹಿ ಮಾಡುವುದು ಒಳ್ಳೆಯದು.

ಉದಾಹರಣೆಗೆ, ದಿನಕ್ಕೆ 10 ಟನ್ ಕಬ್ಬು ಅರೆಯುವ, ವರ್ಷಕ್ಕೆ 150 ದಿನ ನಡೆಯುವ ಘಟಕವನ್ನು ತೆಗೆದುಕೊಳ್ಳೋಣ. ಇದಕ್ಕೆ 1,500 ಟನ್ ಕಬ್ಬು ಬೇಕು. ಎಕರೆಗೆ 40 ಟನ್ ಇಳುವರಿ ಹಿಡಿದರೆ 37.5 ಎಕರೆ, ಅಂದರೆ ದಿನಕ್ಕೆ ಕಾಲು ಎಕರೆ ಕಟಾವು. ಕೂಳೆ ಬೆಳೆಯಲ್ಲಿ ಇಳುವರಿ ಕಡಿಮೆಯಾಗುವುದರಿಂದ ಕೂಳೆಯ ಪ್ರದೇಶವನ್ನು ಬೇರೆಯಾಗಿಯೇ ಲೆಕ್ಕ ಹಿಡಿಯಬೇಕು.

ಇಲ್ಲಿ ಬೇಸಾಯ ಶಾಸ್ತ್ರದ ಮಾತೊಂದಿದೆ. ಘಟಕದ ವಿನ್ಯಾಸ ಶುರುವಾಗುವುದು ಗದ್ದೆಯಲ್ಲಿ. 37 ಎಕರೆ ಕಬ್ಬು ಒಂದೇ ತಿಂಗಳಲ್ಲಿ ನಾಟಿಯಾಗಿ ಒಂದೇ ತಿಂಗಳಲ್ಲಿ ಮಾಗಿದರೆ, ಐದು ತಿಂಗಳು ನಡೆಯಬೇಕಾದ ಆಲೆಮನೆಗೆ ಒಂದು ತಿಂಗಳು ಮಾತ್ರ ಒಳ್ಳೆಯ ಕಬ್ಬು ಸಿಕ್ಕೀತು. ಆದ್ದರಿಂದ ಯಾವ ಸದಸ್ಯರು ಯಾವ ತಿಂಗಳು ಎಷ್ಟು ನಾಟಿ ಮಾಡಬೇಕು, ತಳಿ ಯಾವುದು, ಕಟಾವು ಯಾವಾಗ ಎಂಬ ಪಟ್ಟಿಯನ್ನೂ ಮೊದಲ ಹಾಳೆಗೆ ಲಗತ್ತಿಸಬೇಕು. ಕಡಿಯುವ ಮೊದಲು ಕೈ ವಕ್ರೀಭವನ ಮಾಪಕದಿಂದ ಕಬ್ಬಿನ ಬುಡ ಮತ್ತು ತುದಿಯ ಬ್ರಿಕ್ಸ್ ನೋಡುವುದು ರೂಢಿಯಾಗಬೇಕು. ಎರಡೂ ಹತ್ತಿರ ಹತ್ತಿರ ಬಂದರೆ ಕಬ್ಬು ಮಾಗಿದೆ ಎಂದರ್ಥ. ಕಡಿದ ಕಬ್ಬನ್ನು 24 ಗಂಟೆಯೊಳಗೆ ಅರೆಯಬೇಕು. ತಡವಾದಷ್ಟೂ ಸಕ್ಕರೆ ಒಡೆದು ಬೆಲ್ಲ ಕಟ್ಟುವ ಗುಣ ಕುಗ್ಗುತ್ತದೆ.

ಎರಡನೆಯ ಹಾಳೆ: ಹಂತಗಳ ನಕ್ಷೆ

ಕಬ್ಬು ಒಳಗೆ ಬಂದಲ್ಲಿಂದ ಬೆಲ್ಲ ಹೊರಗೆ ಹೋಗುವವರೆಗಿನ ಪ್ರತಿ ಹಂತಕ್ಕೂ ಒಂದೊಂದು ಚೌಕ ಬರೆದು ಬಾಣಗಳಿಂದ ಜೋಡಿಸಬೇಕು: ತೂಕ, ಅರೆಯುವುದು, ಸೋಸುವುದು, ತಿಳಿಗೊಳಿಸುವ ತೊಟ್ಟಿ, ಕೊಪ್ಪರಿಗೆ, ಪಾಕ ಆರಿಸುವ ತಟ್ಟೆ, ಅಚ್ಚು, ಒಣಗಿಸುವುದು, ಪೊಟ್ಟಣ ಕಟ್ಟುವುದು, ದಾಸ್ತಾನು. ಪಕ್ಕದಿಂದ ಹೊರಗೆ ಹೋಗುವ ಬಾಣಗಳನ್ನು ಮರೆಯತಕ್ಕದ್ದಲ್ಲ. ಗಾಣದಿಂದ ರಚ್ಚು ಹೊರಗೆ ಹೋಗುತ್ತದೆ, ಕೊಪ್ಪರಿಗೆಯಿಂದ ಮಡ್ಡಿ ಮತ್ತು ಹಬೆ, ಒಲೆಯಿಂದ ಬೂದಿ ಮತ್ತು ಹೊಗೆ, ತೊಳೆಯುವ ಜಾಗದಿಂದ ಕೊಳೆ ನೀರು. ಬಾಣ ಬರೆದ ಮೇಲೆ ಅದು ಎಲ್ಲಿ ಹೋಗಿ ಮುಟ್ಟುತ್ತದೆ ಎಂಬ ಪ್ರಶ್ನೆಗೆ ಉತ್ತರ ಕೊಡಲೇಬೇಕಾಗುತ್ತದೆ.

ಪ್ರತಿ ಚೌಕದ ಪಕ್ಕದಲ್ಲಿ ಅಲ್ಲಿ ಕಾಪಾಡಬೇಕಾದ ಹದವನ್ನು ಬರೆಯಬೇಕು. ಅಚ್ಚು ಬೆಲ್ಲಕ್ಕೆ ಪಾಕ ಇಳಿಸುವ ಉಷ್ಣತೆ ಸುಮಾರು 116ರಿಂದ 118 ಡಿಗ್ರಿ ಸೆಲ್ಸಿಯಸ್. ಪುಡಿ ಬೆಲ್ಲಕ್ಕೆ 120ರಿಂದ 122. ಜೋನಿ ಬೆಲ್ಲಕ್ಕೆ 105ರಿಂದ 106. ನುರಿತ ಪಾಕದವರು ತಣ್ಣೀರಿನಲ್ಲಿ ಪಾಕ ಬಿಟ್ಟು ಬೆರಳಿನಿಂದ ಹದ ಹೇಳಬಲ್ಲರು. ಅವರು ಬಾರದ ದಿನ ಉಷ್ಣಮಾಪಕ ಮತ್ತು ಈ ಹಾಳೆ ಕೆಲಸಕ್ಕೆ ಬರುತ್ತವೆ.

ಮೂರನೆಯ ಹಾಳೆ: ತೂಕದ ಜಮಾ–ಖರ್ಚು

ಮನೆಯ ಲೆಕ್ಕದ ಪುಸ್ತಕದಲ್ಲಿ ಜಮಾ ಮತ್ತು ಖರ್ಚು ಹೊಂದುವಂತೆ ಘಟಕದೊಳಗೆ ಬಂದ ತೂಕವೂ ಹೊರಗೆ ಹೋದ ತೂಕವೂ ಹೊಂದಬೇಕು. 1,000 ಕಿಲೋ ಕಬ್ಬಿನ ಲೆಕ್ಕ ಹೀಗಿದೆ. ಗಾಣ ಶೇ. 60ರಷ್ಟು ಹಾಲು ಹಿಂಡುತ್ತದೆ, ಹಾಲಿನ ಬ್ರಿಕ್ಸ್ 18, ಬೆಲ್ಲದ ತೇವಾಂಶ ಶೇ. 5 ಎಂದು ಹಿಡಿಯಲಾಗಿದೆ.

ಕಬ್ಬಿನ ಹಾಲು: 600 ಕಿಲೋ
ಹಸಿ ರಚ್ಚು: 400 ಕಿಲೋ
ಹಾಲಿನಲ್ಲಿರುವ ಘನ ಪದಾರ್ಥ: 108 ಕಿಲೋ
ತೆಗೆದ ಮಡ್ಡಿ: 20 ಕಿಲೋ (ಇದರೊಡನೆ ಹೋಗುವ ಘನ ಪದಾರ್ಥ 4 ಕಿಲೋ)
ಬೆಲ್ಲಕ್ಕೆ ಉಳಿಯುವ ಘನ ಪದಾರ್ಥ: 104 ಕಿಲೋ
ದೊರೆಯುವ ಬೆಲ್ಲ: ಸುಮಾರು 110 ಕಿಲೋ
ಹಬೆಯಾಗಿ ಹೋಗಬೇಕಾದ ನೀರು: ಸುಮಾರು 470 ಕಿಲೋ

ಕೊನೆಯಲ್ಲಿ ತಾಳೆ ನೋಡಬೇಕು. ಮಡ್ಡಿ 20, ಬೆಲ್ಲ 110, ಹಬೆ 470 ಕೂಡಿದರೆ 600. ಲೆಕ್ಕ ಸರಿಹೊಂದಿತು. ಬ್ರಿಕ್ಸ್ ಮತ್ತು ಹಾಲಿನ ಪ್ರಮಾಣವನ್ನು ನಿಮ್ಮ ಊರಿನ ಕಬ್ಬಿನಲ್ಲಿ ಅಳೆದು ಹಾಕಿಕೊಳ್ಳಬೇಕು. ಮೇಲಿನವು ಮಾದರಿಗೆ ಮಾತ್ರ. ಉದಾಹರಣೆಗೆ, ಗಾಣ ಶೇ. 60ರ ಬದಲು 65ರಷ್ಟು ಹಾಲು ಹಿಂಡಿದರೆ ಟನ್ನಿಗೆ ಸುಮಾರು 9 ಕಿಲೋ ಬೆಲ್ಲ ಹೆಚ್ಚು. ದಿನಕ್ಕೆ 10 ಟನ್ ಅರೆಯುವಲ್ಲಿ ಅದು 90 ಕಿಲೋ. ಗಾಣ ಕೊಳ್ಳುವಾಗ ಕೇಳಬೇಕಾದ ಮೊದಲ ಪ್ರಶ್ನೆ ಯಾವುದೆಂದು ಇದರಿಂದ ತಿಳಿಯುತ್ತದೆ.

ನಾಲ್ಕನೆಯ ಹಾಳೆ: ಹೊತ್ತಿನ ಲೆಕ್ಕ

ದಿನಕ್ಕೆ 10 ಟನ್ನಿನಿಂದ 6,000 ಕಿಲೋ ಹಾಲು ಬರುತ್ತದೆ. ಒಂದು ಕೊಪ್ಪರಿಗೆ ಸಲಕ್ಕೆ 600 ಕಿಲೋ ಹಿಡಿದು, ಪಾಕ ಇಳಿಸಲು ಎರಡೂವರೆ ಗಂಟೆ ತೆಗೆದುಕೊಳ್ಳುತ್ತದೆ ಎನ್ನೋಣ. ಹತ್ತು ಸಲ ಕಾಯಿಸಲು 25 ಗಂಟೆ ಬೇಕು. ದಿನಕ್ಕಿರುವುದು 24 ಗಂಟೆ. ಗಾಣ ಎಂಟು ಗಂಟೆಯಲ್ಲಿ ಕೆಲಸ ಮುಗಿಸುವಷ್ಟು ದೊಡ್ಡದಾದರೆ ಮೊದಲ ಎರಡೂವರೆ ಗಂಟೆಯಲ್ಲೇ 1,875 ಕಿಲೋ ಹಾಲು ಬರುತ್ತದೆ. ಕೊಪ್ಪರಿಗೆ ಅಷ್ಟರಲ್ಲಿ ಮುಗಿಸುವುದು 600 ಕಿಲೋ ಮಾತ್ರ. ಉಳಿದ ಹಾಲು ಹುಳಿಯಾಗುತ್ತದೆ. ಮೇಲೆ ಹೇಳಿದ ಆಲೆಮನೆಯಲ್ಲಿ ಆದದ್ದು ಇದೇ.

ಎರಡು ಒಲೆಗಳಿದ್ದರೆ ಒಂದೊಂದರ ಮೇಲೆ ಐದು ಸಲ, ಅಂದರೆ ಹನ್ನೆರಡೂವರೆ ಗಂಟೆ. ಗಾಣವೂ ಅದೇ ಹೊತ್ತಿನಲ್ಲಿ ನಿಧಾನವಾಗಿ ನಡೆದರೆ ಗಂಟೆಗೆ 800 ಕಿಲೋ ಕಬ್ಬು ಅರೆದರೆ ಸಾಕು. ಹೀಗೆ ಹೊತ್ತಿನ ಲೆಕ್ಕ ಹಾಕಿದಾಗ ಚಿಕ್ಕ ಗಾಣ, ಚಿಕ್ಕ ಮೋಟಾರು ಸಾಕಾಗಿ, ಉಳಿದ ಹಣ ಎರಡನೆಯ ಒಲೆಗೆ ಒದಗುತ್ತದೆ. ಸಾಲಿನಲ್ಲಿ ಅತಿ ನಿಧಾನವಾಗಿ ನಡೆಯುವ ಹಂತವೇ ಇಡೀ ಘಟಕದ ವೇಗ ಎಂಬುದನ್ನು ನೆನಪಿಡಬೇಕು.

ಐದನೆಯ ಹಾಳೆ: ಶಾಖದ ಜಮಾ–ಖರ್ಚು

ಒಂದು ಟನ್ ಕಬ್ಬಿನ 600 ಕಿಲೋ ಹಾಲನ್ನು 25 ಡಿಗ್ರಿಯಿಂದ 100 ಡಿಗ್ರಿಗೆ ಕಾಯಿಸಲು ಸುಮಾರು 40,500 ಕಿಲೋ ಕ್ಯಾಲೊರಿ ಬೇಕು. 470 ಕಿಲೋ ನೀರು ಆವಿಯಾಗಲು, ಕಿಲೋವಿಗೆ 540ರಂತೆ, ಸುಮಾರು 2,54,000 ಕಿಲೋ ಕ್ಯಾಲೊರಿ. ಸಣ್ಣ ಬಾಬ್ತುಗಳನ್ನು ಬಿಟ್ಟು ಒಟ್ಟು 2,95,000 ಎಂದು ಹಿಡಿಯಬಹುದು.

ಇನ್ನು ಜಮಾ. 400 ಕಿಲೋ ಹಸಿ ರಚ್ಚು ಚೆನ್ನಾಗಿ ಒಣಗಿ ಶೇ. 10ರ ತೇವಾಂಶಕ್ಕೆ ಬಂದಾಗ ಸುಮಾರು 200 ಕಿಲೋ ಉಳಿಯುತ್ತದೆ. ಕಿಲೋವಿಗೆ 3,500 ಕಿಲೋ ಕ್ಯಾಲೊರಿ ಹಿಡಿದರೆ 7,00,000. ಬೇಕಾದದ್ದರ ಎರಡು ಪಟ್ಟಿಗಿಂತ ಹೆಚ್ಚೇ ಇದೆಯಲ್ಲ ಎನಿಸಬಹುದು. ಆದರೆ ಒಲೆಯಲ್ಲಿ ಉರಿದ ಶಾಖವೆಲ್ಲ ಕೊಪ್ಪರಿಗೆಗೆ ಹೋಗುವುದಿಲ್ಲ. ಬಹುಭಾಗ ಚಿಮಣಿಯಲ್ಲಿ, ಒಲೆಯ ಗೋಡೆಯಲ್ಲಿ, ಒಲೆಯ ಬಾಯಲ್ಲಿ ಹೊರಟುಹೋಗುತ್ತದೆ. ಶಾಖದ ಶೇ. 35 ಮಾತ್ರ ಕೊಪ್ಪರಿಗೆಗೆ ತಲುಪಿದರೆ ಟನ್ನಿಗೆ 241 ಕಿಲೋ ಒಣ ರಚ್ಚು ಬೇಕು. ಇರುವುದು 200, ಕೊರತೆ 41 ಕಿಲೋ. ದಿನಕ್ಕೆ 10 ಟನ್ ಅರೆಯುವಲ್ಲಿ 410 ಕಿಲೋ ಕೊರತೆ! ಶೇ. 45 ತಲುಪಿದರೆ 187 ಕಿಲೋ ಸಾಕು; ಹೊರಗಿನ ಉರುವಲು ಬೇಕಿಲ್ಲ.

ಉರುವಲು ಕೊರತೆ ಬಿದ್ದಾಗ ಹಳೆಯ ಟೈರುಗಳನ್ನು ಸುಡುವ ಕೆಟ್ಟ ಪದ್ಧತಿ ಕೆಲವೆಡೆ ಬಂದಿದೆ. ಆ ಹೊಗೆ ಕೆಲಸಗಾರರ ಎದೆಗೂ ಊರಿನ ಗಾಳಿಗೂ ವಿಷ. ಇದನ್ನು ತಪ್ಪಿಸುವ ದಾರಿ ಈ ಐದನೆಯ ಹಾಳೆಯಲ್ಲಿದೆ. ಒಲೆಯಿಂದ ಹೊರಡುವ ಬಿಸಿ ಹೊಗೆಯ ದಾರಿಯಲ್ಲಿ ಎರಡನೆಯ, ಮೂರನೆಯ ಕೊಪ್ಪರಿಗೆ ಇಟ್ಟು ಮುಂದಿನ ಸಲದ ಹಾಲನ್ನು ಮೊದಲೇ ಬಿಸಿ ಮಾಡಿಕೊಳ್ಳುವುದು, ಕೊಪ್ಪರಿಗೆಯ ತಳಕ್ಕೆ ಲೋಹದ ರೆಕ್ಕೆಗಳನ್ನು ಜೋಡಿಸುವುದು, ಗಾಳಿ ಹೊಗುವ ಬಾಯಿಗೆ ಹಲಗೆ ಬಾಗಿಲು ಇಡುವುದು, ಇವೆಲ್ಲ ದಕ್ಷತೆಯನ್ನು ಹೆಚ್ಚಿಸುತ್ತವೆ. ಒಲೆ ಕಟ್ಟುವವರಿಗೆ "ಒಳ್ಳೆಯ ಒಲೆ ಕಟ್ಟಿ" ಎಂದರೆ ಸಾಲದು. "ಒಂದು ಕಿಲೋ ಬೆಲ್ಲಕ್ಕೆ ಒಣ ರಚ್ಚು 1.8 ಕಿಲೋ ಮೀರಬಾರದು" ಎಂದು ಬರೆದುಕೊಡಬೇಕು. ಇದನ್ನು ತಕ್ಕಡಿಯಲ್ಲಿ ತೂಗಿ ನೋಡಬಹುದು.

ಆರನೆಯ ಹಾಳೆ: ಯಂತ್ರಗಳ ಪಟ್ಟಿ

ಪ್ರತಿಯೊಂದು ಯಂತ್ರ, ತೊಟ್ಟಿ, ಕೊಪ್ಪರಿಗೆಗೂ ಒಂದು ಸಂಖ್ಯೆ ಕೊಡಬೇಕು. ಅದೇ ಸಂಖ್ಯೆ ನಕ್ಷೆಯಲ್ಲಿಯೂ ದರಪಟ್ಟಿಯಲ್ಲಿಯೂ ಯಂತ್ರದ ಮೈಮೇಲೂ ಇರಬೇಕು. ಅಳತೆ, ಸಾಮರ್ಥ್ಯ, ಲೋಹ, ಮೋಟಾರಿನ ಅಶ್ವಶಕ್ತಿ, ಖಾತರಿ ಅವಧಿ ಮತ್ತು ಬಿಡಿಭಾಗ ದೊರೆಯುವ ಸ್ಥಳವನ್ನು ಬರೆಯಬೇಕು. ಹಾಲು ಮತ್ತು ಪಾಕ ತಾಗುವ ಭಾಗಗಳಿಗೆ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಎಂದು ಸ್ಪಷ್ಟವಾಗಿ ನಮೂದಿಸಬೇಕು. ಬರಿಯ "ಸ್ಟೀಲ್" ಎಂದು ಬರೆದರೆ ಏನು ಬೇಕಾದರೂ ಬರಬಹುದು.

ಗಾಣದ ಹಾಳೆಯಲ್ಲಿ ಎರಡು ಸಂಗತಿಗಳು ತಪ್ಪದೆ ಇರಬೇಕು. ಕಬ್ಬು ಕೊಡುವ ಬಾಯಿಗೆ ಕೈ ಒಳಗೆ ಹೋಗದಂಥ ಉದ್ದನೆಯ ದೋಣಿ ಮತ್ತು ಹಲ್ಲುಚಕ್ರ, ಬೆಲ್ಟುಗಳಿಗೆ ಮುಚ್ಚಳ. ಕಬ್ಬು ಕೊಡುವವನ ಕೈಗೆ ಎಟುಕುವಂತೆ ನಿಲುಗಡೆ ಗುಂಡಿ. ಗಾಣಕ್ಕೆ ಕೈ ಕೊಟ್ಟವರನ್ನು ನಾವೆಲ್ಲ ನೋಡಿದ್ದೇವೆ. ದರಪಟ್ಟಿ ಇಳಿಸುವ ಸಲುವಾಗಿ ಈ ಎರಡನ್ನು ಎಂದೂ ಬಿಡತಕ್ಕದ್ದಲ್ಲ.

ಏಳನೆಯ ಹಾಳೆ: ನಿವೇಶನ ನಕ್ಷೆ

ನಕ್ಷೆಯನ್ನು ಅಳತೆಗೆ ತಕ್ಕಂತೆ ಬರೆದು ಉತ್ತರ ದಿಕ್ಕನ್ನೂ ಸುಗ್ಗಿಯ ಕಾಲದ ಗಾಳಿಯ ದಿಕ್ಕನ್ನೂ ಗುರುತಿಸಬೇಕು. ಅಚ್ಚು ಹಾಕುವ ಕೋಣೆಯ ಮೇಲೆ ಒಲೆಯ ಹೊಗೆ, ಬೂದಿ ಬೀಸಬಾರದು. ಒಣ ರಚ್ಚಿನ ಬಣವೆಗೆ ಒಲೆಯ ಕಿಡಿ ಹಾರಬಾರದು.

ರಚ್ಚು ಒಣಗಿಸುವ ಕಣವನ್ನು ಬಹಳಷ್ಟು ಗುಂಪುಗಳು ಮರೆಯುತ್ತವೆ. ದಿನಕ್ಕೆ 4 ಟನ್ ಹಸಿ ರಚ್ಚು ಬರುತ್ತದೆ. ಚದರ ಮೀಟರಿಗೆ 4 ಕಿಲೋ ಹರಡಿದರೆ ದಿನವೊಂದಕ್ಕೆ 1,000 ಚದರ ಮೀಟರ್. ಒಣಗಲು ಮೂರು ದಿನ ಹಿಡಿದರೆ 3,000 ಚದರ ಮೀಟರ್, ಅಂದರೆ ಸುಮಾರು ಮುಕ್ಕಾಲು ಎಕರೆ. ಕಟ್ಟಡಕ್ಕಿಂತ ಕಣವೇ ದೊಡ್ಡದು. ಈ ಜಾಗವಿಲ್ಲದಿದ್ದರೆ ಹಸಿ ರಚ್ಚು ಒಲೆಗೆ ಹೋಗಿ ಐದನೆಯ ಹಾಳೆಯ ಲೆಕ್ಕವೆಲ್ಲ ಬುಡಮೇಲಾಗುತ್ತದೆ. ದಾಸ್ತಾನು ಕೋಣೆಯನ್ನು ಹದಿನೈದು ದಿನದ ಉತ್ಪನ್ನಕ್ಕೆ, ಅಂದರೆ 165 ಕ್ವಿಂಟಾಲಿಗೆ ಅಳತೆ ಮಾಡಬಹುದು.

ಎಂಟನೆಯ ಹಾಳೆ: ವಿದ್ಯುತ್, ನೀರು, ಶುಚಿತ್ವ

ಎಲ್ಲ ಮೋಟಾರುಗಳ ಅಶ್ವಶಕ್ತಿಯನ್ನು ಕೂಡಿ 0.746ರಿಂದ ಗುಣಿಸಿದರೆ ಕಿಲೋವಾಟ್ ಸಿಗುತ್ತದೆ. 18 ಅಶ್ವಶಕ್ತಿಗೆ ಸುಮಾರು 13.4 ಕಿಲೋವಾಟ್. ದೀಪಗಳ ಭಾರವನ್ನು ಸೇರಿಸಿ ವಿದ್ಯುತ್ ಸಂಪರ್ಕಕ್ಕೆ ಅರ್ಜಿ ಹಾಕಬೇಕು. ಘಟಕಕ್ಕೆ ಪ್ರತ್ಯೇಕ ಸಂಪರ್ಕ ಬೇಕು. ಪಂಪ್‌ಸೆಟ್ಟಿನ ತಂತಿಯಿಂದ ಎಳೆಯುವುದು ಸಲ್ಲದು. ಹನ್ನೆರಡೂವರೆ ಗಂಟೆ ಮೂರು ಫೇಸ್ ವಿದ್ಯುತ್ ಸಿಗುವುದೇ ಎಂಬುದನ್ನು ಮೊದಲೇ ವಿಚಾರಿಸಬೇಕು.

ಕುಡಿಯಲು ಯೋಗ್ಯವಾದ ನೀರನ್ನೇ ಪಾತ್ರೆ ತೊಳೆಯಲು ಬಳಸಬೇಕು. ತೊಳೆದ ನೀರು ಹೋಗುವ ಚರಂಡಿ ಮತ್ತು ಇಂಗುಗುಂಡಿಯನ್ನು ನಕ್ಷೆಯಲ್ಲಿ ತೋರಿಸಬೇಕು. ಮಡ್ಡಿ ಮತ್ತು ಬೂದಿಯನ್ನು ಗೊಬ್ಬರದ ಗುಂಡಿಗೆ ಸೇರಿಸಬಹುದು.

2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯ ಪ್ರಕಾರ ಘಟಕಕ್ಕೆ ನೋಂದಣಿ ಅಥವಾ ಪರವಾನಗಿ ಬೇಕು. ಬೆಲ್ಲದಲ್ಲಿ ಗಂಧಕದ ಡೈ ಆಕ್ಸೈಡ್ ದಶಲಕ್ಷಕ್ಕೆ 70 ಭಾಗ ಮೀರಬಾರದು. ಬಣ್ಣಕ್ಕಾಗಿ ಹೈಡ್ರೋಸ್ ಸುರಿಯುವುದರಿಂದ ಈ ಮಿತಿ ಸುಲಭವಾಗಿ ದಾಟುತ್ತದೆ. ಬೆಂಡೆ ಗಿಡದ ಲೋಳೆಯಿಂದ ಹಾಲು ತಿಳಿಗೊಳಿಸುವುದಾದರೆ ಲೋಳೆ ತಯಾರಿಸುವ ತೊಟ್ಟಿಗೂ, ಬೆಂಡೆ ಬೆಳೆಯುವ ತುಂಡು ಭೂಮಿಗೂ ಕಡತದಲ್ಲಿ ಜಾಗ ಇರಬೇಕು.

ಒಂಬತ್ತನೆಯ ಹಾಳೆ: ಪರೀಕ್ಷೆ ಮತ್ತು ಹಸ್ತಾಂತರ

ಕೊನೆಯ ಕಂತು ಕೊಡುವ ಮೊದಲು ಘಟಕವನ್ನು ನಡೆಸಿ ನೋಡುವ ಕ್ರಮವನ್ನು ಮೊದಲೇ ಬರೆದಿಡಬೇಕು. ಸತತ ಮೂರು ದಿನ ಪೂರ್ಣ ಸಾಮರ್ಥ್ಯದಲ್ಲಿ ನಡೆಸಿ ಕಬ್ಬು, ಹಾಲು, ರಚ್ಚು, ಬೆಲ್ಲ ಇವುಗಳನ್ನು ತೂಗಬೇಕು. ಮೂರು, ನಾಲ್ಕು ಮತ್ತು ಐದನೆಯ ಹಾಳೆಗಳ ಅಂಕಿಗಳೊಡನೆ ಹೋಲಿಸಬೇಕು. ಎಷ್ಟು ವ್ಯತ್ಯಾಸವನ್ನು ಒಪ್ಪಬಹುದು, ಅದನ್ನು ಮೀರಿದರೆ ಯಾರು ಸರಿಪಡಿಸಬೇಕು ಎಂಬುದು ಕರಾರಿನಲ್ಲಿರಬೇಕು.

ಕಟ್ಟುವಾಗ ಬದಲಾವಣೆಗಳು ಆಗಿಯೇ ಆಗುತ್ತವೆ. ಬದಲಾದ ಹಾಳೆಗೆ ಹೊಸ ತಿದ್ದುಪಡಿ ಸಂಖ್ಯೆ, ದಿನಾಂಕ, ಸಹಿ ಹಾಕಿ, ಹಳೆಯದರ ಮೇಲೆ "ರದ್ದು" ಎಂದು ಬರೆದು ಕಡತದಲ್ಲೇ ಉಳಿಸಿಕೊಳ್ಳಬೇಕು. ಕೆಲಸ ಮುಗಿದ ಮೇಲೆ, ನಿಜವಾಗಿ ಕಟ್ಟಿದ್ದು ಹೇಗಿದೆಯೋ ಹಾಗೆಯೇ ತೋರಿಸುವ ನಕ್ಷೆಯನ್ನು ಗುತ್ತಿಗೆದಾರರಿಂದ ಪಡೆಯಬೇಕು. ಐದು ವರ್ಷದ ನಂತರ ನೆಲದಡಿಯ ಕೊಳವೆ ಎಲ್ಲಿದೆ ಎಂದು ಹುಡುಕುವಾಗ ಇದರ ಬೆಲೆ ತಿಳಿಯುತ್ತದೆ.

ಯಾರು ತಯಾರಿಸಬೇಕು?

ಮೊದಲ ನಾಲ್ಕು ಹಾಳೆಗಳನ್ನು ಓದುಬರಹ ಬಲ್ಲ ರೈತರು ತಾವೇ ತಯಾರಿಸಬಹುದು. ಒಂದು ತಕ್ಕಡಿ, ಗಡಿಯಾರ, ಬ್ರಿಕ್ಸ್ ಮಾಪಕ ಇದ್ದರೆ ಹತ್ತಿರದ ಆಲೆಮನೆಯಲ್ಲಿ ಎರಡು ದಿನ ಕುಳಿತು ಅಂಕಿಗಳನ್ನು ಸಂಗ್ರಹಿಸಬಹುದು. ಒಲೆ, ಯಂತ್ರ, ವಿದ್ಯುತ್ ಹಾಗೂ ಕಟ್ಟಡದ ಹಾಳೆಗಳಿಗೆ ಅರ್ಹ ಎಂಜಿನಿಯರರ ಸಹಿ ಅಗತ್ಯ. ಈ ಬಗ್ಗೆ ಕೃಷಿ ವಿಶ್ವವಿದ್ಯಾಲಯಗಳ ಕೃಷಿ ಎಂಜಿನಿಯರಿಂಗ್ ವಿಭಾಗಗಳನ್ನೂ ಕೃಷಿ ವಿಜ್ಞಾನ ಕೇಂದ್ರಗಳನ್ನೂ ಸಂಪರ್ಕಿಸಬಹುದು. ವಿಸ್ತರಣಾ ಕಾರ್ಯಕರ್ತರು ಸಾಲದ ಅರ್ಜಿ ತುಂಬಿಸುವ ಮೊದಲು ತೂಕದ ಮತ್ತು ಹೊತ್ತಿನ ಲೆಕ್ಕವನ್ನು ಗುಂಪಿನ ಎದುರಿನಲ್ಲೇ ಕರಿಹಲಗೆಯ ಮೇಲೆ ಮಾಡಿ ತೋರಿಸುವುದು ಒಳ್ಳೆಯದು.

ಮೇಲೆ ಹೇಳಿದ ಗುಂಪು ಮರುವರ್ಷ ಎರಡನೆಯ ಒಲೆ ಕಟ್ಟಿಸಿತು. ಈಗ ಬೆಲ್ಲ ಗಟ್ಟಿಯಾಗಿ ಬರುತ್ತಿದೆ. ಆದರೆ ಆ ಒಂದು ಸುಗ್ಗಿಯ ನಷ್ಟವನ್ನೂ ಎರಡನೆಯ ಸಾಲದ ಬಡ್ಡಿಯನ್ನೂ ಸದಸ್ಯರು ಇಂದಿಗೂ ತುಂಬುತ್ತಿದ್ದಾರೆ. ಹೊಸದಾಗಿ ಘಟಕ ಕಟ್ಟಬೇಕೆಂದಿರುವ ರೈತ ಬಾಂಧವರು ಮುಂಗಡ ಹಣ ಕೊಡುವ ಮೊದಲು ಈ ಒಂಬತ್ತು ಹಾಳೆಗಳನ್ನು ಸಿದ್ಧಪಡಿಸಿಕೊಂಡರೆ ಅಂಥ ನಷ್ಟದಿಂದ ಪಾರಾಗಬಹುದು.